ಯಾವ ತೂತಿಗೆ ಯಾವ ರೀಮರ್: ಕೊಳ್ಳುವ ಮೊದಲು, ಮಾಡಿಸುವ ಮೊದಲು

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಟೂಲ್ ಗ್ರೈಂಡಿಂಗ್ ಅಂಗಡಿ. ಡ್ರಿಲ್, ಎಂಡ್ ಮಿಲ್, ರೀಮರ್‌ಗಳಿಗೆ ಸಾಣೆ ಹಿಡಿಯುತ್ತೇನೆ. ಬೇಕೆಂದವರಿಗೆ ಅಳತೆ ಕೇಳಿ ಹೊಸದನ್ನೂ ಮಾಡಿಕೊಡುತ್ತೇನೆ. ರೀಮರ್ ಅಂದರೆ ಡ್ರಿಲ್ ಹಾಕಿದ ತೂತನ್ನು ಸರಿಯಾದ ಅಳತೆಗೆ ತಂದು ನುಣುಪು ಮಾಡುವ, ಸುತ್ತಲೂ ಹಲ್ಲಿರುವ ಟೂಲ್. ಬನಿಯನ್ ವೇಸ್ಟ್‌ನಲ್ಲಿ ಸುತ್ತಿದ ರೀಮರನ್ನು ಮೇಜಿನ ಮೇಲಿಟ್ಟು, "ಅಣ್ಣಾ, ಇದು ತೂತು ಕೆಡಿಸ್ತಾ ಇದೆ, ಒಂದ್ಸಲ ಸಾಣೆ ಹಿಡೀರಿ" ಅನ್ನುವವರು ವಾರಕ್ಕೆ ನಾಲ್ಕೈದು ಜನ ಬರುತ್ತಾರೆ. ಭೂತಗನ್ನಡಿ ಹಿಡಿದು ನೋಡಿದರೆ ಎಷ್ಟೋ ಸಲ ಹಲ್ಲು ಚೆನ್ನಾಗಿಯೇ ಇರುತ್ತದೆ. ರೀಮರ್ ಒಳ್ಳೆಯದೇ, ಆದರೆ ಆ ತೂತಿಗೆ ಹೇಳಿದ್ದಲ್ಲ.

ಹಾಗೆ ಬಂದವರಿಗೆ ನಾನು ಮೊದಲು ಕೇಳುವುದು ಒಂದೇ ಮಾತು: ಚಿಪ್ಸ್, ಅಂದರೆ ಕತ್ತರಿಸಿದ ಲೋಹದ ಚೂರು, ಎಲ್ಲಿಗೆ ಹೋಗುತ್ತೆ? ಕಂಪನಿ ಯಾವುದು, ಎಚ್‌ಎಸ್‌ಎಸ್ಸಾ (ಹೈ ಸ್ಪೀಡ್ ಸ್ಟೀಲ್) ಕಾರ್ಬೈಡಾ, ಕೋಟಿಂಗ್ ಇದೆಯಾ ಎಂಬುದೆಲ್ಲ ಆಮೇಲೆ.

ಮೊದಲು, ರೀಮರೇ ಬೇಕಾ?

ರೀಮರ್ ಇರುವ ತೂತಿನ ದಾರಿಯನ್ನೇ ಹಿಡಿದು ಹೋಗುತ್ತದೆ. ಡ್ರಿಲ್ ಓರೆ ಹೋಗಿದ್ದರೆ ರೀಮರೂ ಓರೆಯೇ ಹೋಗುತ್ತದೆ. ಅಳತೆ ಸರಿಮಾಡುತ್ತದೆ, ನುಣುಪು ಕೊಡುತ್ತದೆ. ಜಾಗ ತಪ್ಪಿದ್ದನ್ನು ಮಾತ್ರ ಸರಿಮಾಡುವುದಿಲ್ಲ. ಎರಡು ತೂತುಗಳ ನಡುವಿನ ದೂರ ಮುಖ್ಯವಾಗಿದ್ದರೆ, ಉದಾಹರಣೆಗೆ ಗೇರ್ ಬಾಕ್ಸ್‌ನಲ್ಲಿ, ಮೊದಲು ಬೋರಿಂಗ್ ಬಾರ್ (ಒಂದೇ ಅಲಗಿನಿಂದ ತೂತನ್ನು ಒಳಗಿಂದ ಕೆತ್ತುವ ಸರಳು) ಹಾಕಿ ತೂತನ್ನು ಜಾಗಕ್ಕೆ ತನ್ನಿ. ಕೊನೆಯ 0.2, 0.3 ಮಿ.ಮೀ. ಅಷ್ಟನ್ನೇ ರೀಮರ್‌ಗೆ ಬಿಡಿ. ಬೋರಿಂಗ್‌ನಲ್ಲೇ ಅಳತೆಗೆ ತರುತ್ತೇನೆ ಅನ್ನುವವರೂ ಇದ್ದಾರೆ. ಹತ್ತಿಪ್ಪತ್ತು ಪೀಸ್‌ಗೆ ಅದು ಸರಿಯೇ. ಐನೂರು ಪೀಸ್ ಇದ್ದರೆ ಪ್ರತಿ ಸಲ ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಲೆಕ್ಕದಲ್ಲಿ ಹೊಂದಿಸುತ್ತಾ ಕೂರಬೇಕು, ಅಲ್ವಾ? 8, 10 ಮಿ.ಮೀ.ನಂಥ ಸಣ್ಣ ತೂತಿನಲ್ಲಿ ಬೋರಿಂಗ್ ಬಾರ್ ತಾನೇ ಬಾಗುತ್ತದೆ. ಅಲ್ಲಿ ರೀಮರೇ ವಾಸಿ.

ಹೈಡ್ರಾಲಿಕ್ ವಾಲ್ವ್‌ನಲ್ಲಿ ಸ್ಪೂಲ್ (ಒಳಗೆ ಜಾರುವ ದಂಡ) ಓಡಾಡುವ ತೂತಾದರೆ ರೀಮಿಂಗ್ ಆದ ಮೇಲೆ ಹೋನಿಂಗ್ (ಸಾಣೆಕಲ್ಲಿನಿಂದ ಒಳಗೋಡೆ ಉಜ್ಜುವುದು) ಬೇಕೇ ಬೇಕು. ಒಳ್ಳೆಯ ರೀಮರ್, ಒಳ್ಳೆಯ ಹೋಲ್ಡರ್ ಇದ್ದರೆ ಮೇಲ್ಮೈಯ ಒರಟುತನ (ಆರ್‌ಎ) 0.8 ಮೈಕ್ರಾನ್ ಆಸುಪಾಸಿಗೆ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ಹೋನಿಂಗ್ ಕಲ್ಲಿನ ಕೆಲಸ. ರೋಲರ್ ಬರ್ನಿಷಿಂಗ್ ಎಂಬ ಇನ್ನೊಂದು ದಾರಿಯೂ ಇದೆ. ಅದು ಲೋಹವನ್ನು ಕತ್ತರಿಸುವುದಿಲ್ಲ, ಒತ್ತಿ ನುಣುಪು ಮಾಡುತ್ತದೆ. ಮೆತ್ತನೆ ಉಕ್ಕಿಗೆ ಚೆನ್ನ, ಕಾಸ್ಟ್ ಐರನ್‌ಗೆ ಅಷ್ಟಾಗಿ ಒಗ್ಗುವುದಿಲ್ಲ.

ನೆಟ್ಟಗಿನ ಫ್ಲೂಟ್, ಎಡ ತಿರುವು, ಬಲ ತಿರುವು

ಫ್ಲೂಟ್ ಅಂದರೆ ಹಲ್ಲುಗಳ ನಡುವಿನ ತೋಡು, ಅದನ್ನು ನಾಲೆ ಅಂದುಕೊಳ್ಳಿ. ಭದ್ರಾ ನಾಲೆಗೆ ನೀರು ಬಿಟ್ಟಾಗ ಕೊನೆ ಭಾಗದ ಹೊಲದವರಿಗೆ ಇರುವುದು ಒಂದೇ ಚಿಂತೆ: ನೀರು ಇಲ್ಲಿಗೆ ಬರುತ್ತಾ? ನಾಲೆಯ ಇಳಿಜಾರು ಎತ್ತ ಇದೆಯೋ ನೀರು ಅತ್ತ. ರೀಮರ್‌ನಲ್ಲಿ ಆ ಇಳಿಜಾರಿನ ಕೆಲಸವನ್ನು ತಿರುವು ಮಾಡುತ್ತದೆ.

ರೀಮರನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಸಾಮಾನ್ಯ ಡ್ರಿಲ್‌ನಲ್ಲಿ ಇರುವಂತೆ ಫ್ಲೂಟ್ ಬಲಕ್ಕೆ ಏರುತ್ತಿದ್ದರೆ ಬಲ ತಿರುವು. ಎಡಕ್ಕೆ ಏರಿದರೆ ಎಡ ತಿರುವು. ಎರಡೂ ತಿರುಗುವುದು ಮಾಮೂಲಿ ದಿಕ್ಕಿಗೇ. ಕೆಲವರು ಎಡ ತಿರುವು ನೋಡಿದ ಕೂಡಲೇ ಮೆಷಿನ್ ಉಲ್ಟಾ ಓಡಿಸಬೇಕು ಅಂದುಕೊಳ್ಳುತ್ತಾರೆ. ಹಾಗೆ ಮಾಡಿ ಹಲ್ಲು ಕಳಕೊಂಡ ರೀಮರ್‌ಗಳನ್ನು ನಾನೇ ನೋಡಿದ್ದೇನೆ.

ಎಡ ತಿರುವಿನ ರೀಮರ್ ಚಿಪ್ಸನ್ನು ಮುಂದಕ್ಕೆ ತಳ್ಳುತ್ತದೆ. ಆರ್‌ಪಾರ್ ತೂತಾದರೆ ಅದು ಆ ಕಡೆಯಿಂದ ಉದುರಿ ಹೋಗುತ್ತದೆ. ರೀಮ್ ಆದ ಗೋಡೆಯನ್ನು ಮತ್ತೆ ಮುಟ್ಟುವುದೇ ಇಲ್ಲ. ಮೇಲಾಗಿ ಕತ್ತರಿಸುವ ಬಲ ರೀಮರನ್ನು ಹಿಂದಕ್ಕೆ, ಸಾಕೆಟ್ ಒಳಕ್ಕೆ ಒತ್ತುತ್ತದೆ. ಹಾಗಾಗಿ ತಾನಾಗಿ ಕೆಲಸದೊಳಗೆ ನುಗ್ಗುವುದಿಲ್ಲ. ಹಳೆಯ ಡ್ರಿಲ್ಲಿಂಗ್ ಮೆಷಿನ್‌ನಲ್ಲಿ ಸ್ಪಿಂಡಲ್ ಸ್ವಲ್ಪ ಸಡಿಲ ಇದ್ದರೂ ಅಳತೆ ಹಿಡಿದು ನಿಲ್ಲುತ್ತದೆ. ಉಕ್ಕಿನ ಆರ್‌ಪಾರ್ ತೂತಿಗೆ ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ.

ಬಲ ತಿರುವಿನದ್ದು ಚಿಪ್ಸನ್ನು ಮೇಲಕ್ಕೆ ಎಳೆದು ತರುತ್ತದೆ. ತಳ ಮುಚ್ಚಿದ ತೂತಿಗೆ ಇದೇ ಬೇಕು. ಆದರೆ ಇದಕ್ಕೊಂದು ಕೆಟ್ಟ ಗುಣ ಇದೆ. ಸ್ಕ್ರೂ ತರ ತನ್ನನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಫೀಡ್‌ನಲ್ಲಿ (ಟೂಲ್ ಮುಂದಕ್ಕೆ ಸಾಗುವುದರಲ್ಲಿ) ಆಟ ಇರುವ ಮೆಷಿನ್‌ನಲ್ಲಿ ಹಾಕಿದರೆ ತೂತು ದೊಡ್ಡದಾಗುತ್ತದೆ, ಒಮ್ಮೊಮ್ಮೆ ರೀಮರೇ ಕಚ್ಚಿಕೊಳ್ಳುತ್ತದೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್‌ನಲ್ಲಿ ಆ ಭಯ ಇಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ವರ್ಕ್‌ಶಾಪಿನಲ್ಲಿ ಇದನ್ನೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ. ಡ್ರಾಯರ್‌ನಲ್ಲಿ ಕೈಗೆ ಸಿಕ್ಕಿದ ಎಡ ತಿರುವಿನ 16ರ ರೀಮರನ್ನು ತಳ ಮುಚ್ಚಿದ ತೂತಿಗೆ ಹಾಕಿದೆ. ಮೊದಲ ಪೀಸ್ ಚೆನ್ನಾಗಿ ಬಂತು. ಎರಡನೆಯದೂ ಬಂತು. ಮೂರನೆಯದರ ತಳದಲ್ಲಿ ಚಿಪ್ಸ್ ಕೂತು ಗಟ್ಟಿಯಾಗಿ, ರೀಮರ್ ಟಕ್ ಅಂತ ಮುರಿಯಿತು. ಮುರಿದ ಚೂರು ಒಳಗೇ ಉಳಿಯಿತು. ಪೀಸ್ ಗುಜರಿಗೆ ಹೋಯಿತು. ಮೇಸ್ತ್ರಿ ಬೈಯಲಿಲ್ಲ. ಮುರಿದ ರೀಮರನ್ನು ನನ್ನ ಕೈಗೇ ಕೊಟ್ಟು, "ಇಟ್ಕೋ, ಮನೆಗೆ ತಗೊಂಡು ಹೋಗು" ಅಂದರು. ಈಗಲೂ ನನ್ನ ಮೇಜಿನ ಮೇಲೆ ಇದೆ. ಎಡ, ಬಲ ತಿರುವಿನ ಗೊಂದಲ ಇರುವವರಿಗೆ ತೋರಿಸಲಿಕ್ಕೆ ಚೆನ್ನಾಗಿದೆ.

ನೆಟ್ಟಗಿನ ಫ್ಲೂಟ್ ಎಲ್ಲಿಗೆ ಸರಿ? ಕಾಸ್ಟ್ ಐರನ್, ಹಿತ್ತಾಳೆ ಇಂಥವು ಪುಡಿಪುಡಿ ಚಿಪ್ಸ್ ಕೊಡುತ್ತವೆ. ಅವಕ್ಕೆ ತಳ್ಳುವವರೂ ಬೇಡ, ಎಳೆಯುವವರೂ ಬೇಡ. ನೆಟ್ಟಗಿನದು ಅಗ್ಗ, ಸಾಣೆ ಹಿಡಿಯುವುದೂ ಸುಲಭ. ಆದರೆ ತೂತಿನ ಒಳಗೆ ಕೀ ಸ್ಲಾಟ್ ಇದ್ದರೆ ಅಥವಾ ಅಡ್ಡ ತೂತು ಹಾದು ಹೋಗಿದ್ದರೆ ನೆಟ್ಟಗಿನದನ್ನು ಮುಟ್ಟಬೇಡಿ. ಹಲ್ಲು ಉದ್ದಕ್ಕೂ ಒಂದೇ ಸಲ ಸ್ಲಾಟಿಗೆ ಬಿದ್ದು ಕಚ್ಚುತ್ತದೆ. ತಿರುವಿನ ಹಲ್ಲು ಸ್ಲಾಟನ್ನು ಓರೆಯಾಗಿ ದಾಟುತ್ತದೆ. ನೆಟ್ಟಗಿನ ಫ್ಲೂಟ್ ಇಟ್ಟುಕೊಂಡು ಮುಂದಿನ ಬಾಯಿಯಲ್ಲಿ ಮಾತ್ರ ಸ್ವಲ್ಪ ಎಡ ಓರೆ ಕೊಟ್ಟು ಮಾಡುವುದೂ ಉಂಟು. ಚಿಪ್ಸ್ ಮುಂದಕ್ಕೆ ಹೋಗುತ್ತದೆ, ಬೆಲೆ ಜಾಸ್ತಿ ಆಗುವುದಿಲ್ಲ. ಉಕ್ಕಿನ ಆರ್‌ಪಾರ್ ತೂತಿಗೆ ಹೀಗೆ ಮಾಡಿಸಿಕೊಂಡವರು ಮತ್ತೆ ಅದನ್ನೇ ಕೇಳಿಕೊಂಡು ಬರುತ್ತಾರೆ.

ಹಲ್ಲು ಎಷ್ಟು, ಎಷ್ಟು ದೂರದಲ್ಲಿ

ಇದು ಜನ ಕೇಳದ ಪ್ರಶ್ನೆ. ನನಗೆ ಮಾತ್ರ ತುಂಬಾ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಉದ್ದ ಆಗಬಹುದು.

ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗ ಮಾಡುವ ಒಬ್ಬರು ಒಮ್ಮೆ ಬಂದರು. 12 ಎಚ್‌7 ತೂತು. ಅಂದರೆ 12.000ರಿಂದ 12.018ರ ಒಳಗೆ ಇರಬೇಕು. ಬೋರ್ ಗೇಜ್ ಹಾಕಿದರೆ ಎತ್ತ ತಿರುಗಿಸಿದರೂ 12.012 ತೋರಿಸುತ್ತಿತ್ತು. ಆದರೆ ಪ್ಲಗ್ ಗೇಜ್‌ನ ಗೋ ಕಡೆ (ಕನಿಷ್ಠ ಅಳತೆಯ ದುಂಡು ಕಡ್ಡಿ) ಒಳಗೆ ಹೋಗುತ್ತಿರಲಿಲ್ಲ. "ಗೇಜೇ ಸುಳ್ಳು ಹೇಳ್ತಾ ಇದೆ" ಅಂದರು. ಗೇಜ್ ಸುಳ್ಳು ಹೇಳಿರಲಿಲ್ಲ. ತೂತು ದುಂಡಗಿರಲಿಲ್ಲ, ಅಷ್ಟೇ.

ಹಳೆಯ ಎರಡು ರೂಪಾಯಿ ನಾಣ್ಯ ನೆನಪಿದೆಯಾ? 11 ಮೂಲೆಯದು. ಬೆರಳ ನಡುವೆ ಹಿಡಿದು ತಿರುಗಿಸಿದರೆ ಹೆಚ್ಚು ಕಡಿಮೆ ದುಂಡಗೇ ಅನ್ನಿಸುತ್ತಿತ್ತು. ಬೆಸ ಸಂಖ್ಯೆಯ ಮೂಲೆ ಇದ್ದರೆ ಹಾಗೇ. ಒಂದು ಕಡೆ ಉಬ್ಬು ಇದ್ದರೆ ಅದರ ಎದುರಿಗೆ ತಗ್ಗು ಬರುತ್ತದೆ. ಎರಡೂ ಕೂಡಿ ಅಳತೆ ಒಂದೇ ಬರುತ್ತದೆ. ಎರಡು ಕಡೆ ಮುಟ್ಟುವ ಗೇಜ್‌ಗೆ ಈ ಮೋಸ ಕಾಣುವುದೇ ಇಲ್ಲ. ಪ್ಲಗ್ ಗೇಜ್ ಸುತ್ತಲೂ ಮುಟ್ಟುತ್ತದೆ, ಅದಕ್ಕೇ ಹಿಡಿದುಕೊಳ್ಳುತ್ತದೆ.

ಅವರ ರೀಮರ್‌ಗೆ ಆರು ಹಲ್ಲು, ಎಲ್ಲಾ ಸರಿಯಾಗಿ 60 ಡಿಗ್ರಿ ದೂರದಲ್ಲಿ. ಒಂದು ಹಲ್ಲು ಅಲುಗಿ ಗೋಡೆಯಲ್ಲಿ ಗುರುತು ಮಾಡಿದರೆ, ಮುಂದಿನ ಹಲ್ಲು ಅದೇ ಲೆಕ್ಕಕ್ಕೆ ಬಂದು ಆ ಗುರುತನ್ನೇ ಆಳ ಮಾಡುತ್ತದೆ. ಹೀಗೆ ಆರು ಹಲ್ಲಿನ ರೀಮರ್ ಐದು ಅಥವಾ ಏಳು ಮೂಲೆಯ ತೂತು ಮಾಡಿಬಿಡುತ್ತದೆ. ಇದಕ್ಕೆ ಮದ್ದು ಸುಲಭ. ಹಲ್ಲುಗಳ ನಡುವಿನ ದೂರವನ್ನು ಸ್ವಲ್ಪ ಏರುಪೇರು ಮಾಡಬೇಕು. ನಾನು ಅವರಿಗೆ 58, 60, 62 ಡಿಗ್ರಿ, ಮತ್ತೆ 58, 60, 62 ಹೀಗೆ ಮಾಡಿಕೊಟ್ಟೆ. ಲೆಕ್ಕ ಹಾಕಿ ನೋಡಿ. ಒಟ್ಟು 360 ಆಗುತ್ತದೆ, ಮತ್ತು ಪ್ರತಿ ಹಲ್ಲಿಗೂ ನೇರ ಎದುರಿಗೆ ಇನ್ನೊಂದು ಹಲ್ಲು ಇದ್ದೇ ಇರುತ್ತದೆ. ಹಾಗಾಗಿ ಮೈಕ್ರೋಮೀಟರ್‌ನಲ್ಲಿ ಅಳೆಯಲಿಕ್ಕೂ ಬರುತ್ತದೆ. ಬೆಸ ಹಲ್ಲಿನ ರೀಮರ್ ತಗೊಂಡರೆ ಈ ಸೌಕರ್ಯ ಹೋಗುತ್ತದೆ. ಗೇಜ್ ಅದೇ, ಮೆಷಿನ್ ಅದೇ. ಪ್ಲಗ್ ಸಲೀಸಾಗಿ ಇಳಿಯಿತು.

ಅಂಗಡಿಯಲ್ಲಿ ಕೊಳ್ಳುವಾಗ ರೀಮರನ್ನು ತುದಿಯ ಕಡೆಯಿಂದ ನೋಡಿ. ಒಳ್ಳೆಯವರು ಮಾಡಿದ್ದರಲ್ಲಿ ಅಂತರ ಹೆಚ್ಚು ಕಡಿಮೆ ಇರುವುದು ಸುಮ್ನೆ ಕಣ್ಣಿಗೇ ಕಾಣುತ್ತದೆ. "ಇದು ಸೊಟ್ಟಗಿದೆ, ಬೇರೆ ಕೊಡಿ" ಅಂತ ವಾಪಸ್ ಕೊಟ್ಟವರೂ ಇದ್ದಾರೆ!

ಇನ್ನು ಎಣಿಕೆ. ಹಲ್ಲು ಜಾಸ್ತಿ ಇದ್ದಷ್ಟೂ ತೂತು ದುಂಡಗೆ, ನುಣ್ಣಗೆ ಬರುತ್ತದೆ. ಒಂದೊಂದು ಹಲ್ಲಿನ ಮೇಲೆ ಭಾರವೂ ಕಡಿಮೆ. ಆದರೆ ಚಿಪ್ಸಿಗೆ ಜಾಗ ಸಾಲುವುದಿಲ್ಲ. ಕಾಸ್ಟ್ ಐರನ್‌ಗೆ ಜಾಸ್ತಿ ಹಲ್ಲು, ಅಲ್ಯುಮಿನಿಯಮ್ ಮತ್ತು ಮೆತ್ತನೆ ಉಕ್ಕಿಗೆ ಕಡಿಮೆ. ಅಷ್ಟು ನೆನಪಿದ್ದರೆ ಸಾಕು.

ಬಾಯಿ ಮತ್ತು ಮಾರ್ಜಿನ್

ರೀಮರ್ ಉದ್ದಕ್ಕೂ ಹಲ್ಲು ಇದೆ, ಎಲ್ಲವೂ ಕತ್ತರಿಸುತ್ತದೆ ಅಂದುಕೊಳ್ಳುವುದು ತಪ್ಪು. ಮೆಷಿನ್ ರೀಮರ್‌ನಲ್ಲಿ ಕತ್ತರಿಸುವುದು ಮುಂದಿನ ಚಾಂಫರ್, ಅಂದರೆ ಬಾಯಿಯ ಓರೆ ಅಂಚು, ಮಾತ್ರ. 10 ಮಿ.ಮೀ. ತೂತಿಗೆ 0.2 ಮಿ.ಮೀ. ಬಿಟ್ಟಿದ್ದೀರಿ ಅನ್ನಿ. ಒಂದು ಪಕ್ಕಕ್ಕೆ 0.1 ಬಂತು. 45 ಡಿಗ್ರಿ ಚಾಂಫರ್‌ನಲ್ಲಿ ಕೆಲಸ ಮಾಡುವ ಬಾಯಿಯ ಉದ್ದ ಸುಮಾರು 0.14 ಮಿ.ಮೀ. ಅಷ್ಟೇ. ಇಡೀ ರೀಮರ್‌ನ ಬಾಳಿಕೆ ನಿಂತಿರುವುದು ಇಷ್ಟೇ ಇಷ್ಟು ಅಂಚಿನ ಮೇಲೆ. ಬೇರೆ ಟೂಲ್‌ಗಳ ಜೊತೆ ಡಬ್ಬಿಯಲ್ಲಿ ಗಲಗಲ ಅನ್ನಿಸಿ ತರುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

45 ಡಿಗ್ರಿ ಚಾಂಫರ್ ಎಲ್ಲಾ ಕಡೆಗೂ ನಡೆಯುತ್ತದೆ. ಇನ್ನೂ ನುಣುಪು ಬೇಕಾದರೆ 45ರ ಹಿಂದೆ ಒಂದೆರಡು ಡಿಗ್ರಿಯ ಉದ್ದನೆ ಎರಡನೇ ಇಳಿಜಾರು ಕೊಡಿಸಿ. ಮೊದಲನೆಯದು ಜಾಸ್ತಿ ಲೋಹ ತೆಗೆಯುತ್ತದೆ, ಎರಡನೆಯದು ತೆಳುವಾಗಿ ಸವರುತ್ತದೆ. ಆದರೆ ತಳ ಮುಚ್ಚಿದ ತೂತಿನಲ್ಲಿ ಅದು ತಳದ ತನಕ ಅಳತೆ ಕೊಡುವುದಿಲ್ಲ. ಹ್ಯಾಂಡ್ ರೀಮರ್‌ನಲ್ಲಿ ಮುಂದಿನ ಇಳಿಜಾರು ಇನ್ನೂ ಉದ್ದ ಇರುತ್ತದೆ. ಕೈಯಲ್ಲಿ ತಿರುಗಿಸುವಾಗ ತೂತಿನ ದಾರಿ ಸಿಗಲಿ ಅಂತ. ಅದನ್ನು ತಂದು ಮೆಷಿನ್‌ಗೆ ಕಟ್ಟಬೇಡಿ. ಹಿಂಬದಿಯಲ್ಲಿ ಚೌಕ ತಲೆ ಇದ್ದರೆ ಅದು ಕೈಯಲ್ಲಿ ಟ್ಯಾಪ್ ರೆಂಚ್ ಹಾಕಿ ತಿರುಗಿಸುವುದು ಅಂತ ಗುರುತು.

ಚಾಂಫರ್ ಆದ ಮೇಲೆ ಪ್ರತಿ ಹಲ್ಲಿನ ಬೆನ್ನಿನ ಮೇಲೆ ಸಣ್ಣ ದುಂಡು ಪಟ್ಟಿ ಇರುತ್ತದಲ್ಲ, ಅದು ಮಾರ್ಜಿನ್. ಅದು ಕತ್ತರಿಸುವುದಿಲ್ಲ, ರೀಮರನ್ನು ನೆಟ್ಟಗೆ ಹಿಡಿದಿರುತ್ತದೆ, ಗೋಡೆಯನ್ನು ಉಜ್ಜಿ ಹೊಳಪು ಕೊಡುತ್ತದೆ. ಅಗಲ ಇದ್ದರೆ ಹಿಡಿತ ಚೆನ್ನ, ಆದರೆ ಬಿಸಿ ಜಾಸ್ತಿ. ಅಲ್ಯುಮಿನಿಯಮ್, ಸ್ಟೇನ್‌ಲೆಸ್ ಇವು ಅಂಟುವ ಸ್ವಭಾವದವು. ಅಗಲ ಮಾರ್ಜಿನ್‌ಗೆ ಲೋಹ ಅಂಟಿಕೊಂಡು ಗೋಡೆಯ ಮೇಲೆ ಗೀರು ಬೀಳುತ್ತದೆ. ಅಲ್ಲಿ ಸಪೂರ ಮಾರ್ಜಿನ್ ಇರಲಿ. ಹಿಂದಕ್ಕೆ ಹೋದಂತೆ ರೀಮರ್ ಕೆಲವೇ ಮೈಕ್ರಾನ್ ಸಣ್ಣದಾಗುತ್ತಾ ಹೋಗಬೇಕು. ಇದನ್ನು ಬ್ಯಾಕ್ ಟೇಪರ್ ಅನ್ನುತ್ತಾರೆ. ಅಳತೆ ಯಾವಾಗಲೂ ಮುಂದಿನ ತುದಿಯ ಹತ್ತಿರ ನೋಡಬೇಕು. ಹಿಂಬದಿ ಅಳೆದು "ಕಡಿಮೆ ಇದೆ" ಅಂತ ಜಗಳಕ್ಕೆ ಬರಬೇಡಿ.

ಸಿಎನ್‌ಸಿಯಲ್ಲಿ ಒಂದೇ ಅಲಗು, ಜೊತೆಗೆ ಎರಡು ಮೂರು ಗೈಡ್ ಪ್ಯಾಡ್ ಇರುವ ರೀಮರ್‌ಗಳೂ ಬಂದಿವೆ. ಕತ್ತರಿಸುವ ಕೆಲಸ ಅಲಗಿಗೆ, ದಾರಿ ಹಿಡಿಯುವ ಕೆಲಸ ಪ್ಯಾಡಿಗೆ. ತೂತು ತುಂಬಾ ದುಂಡಗೆ, ನೆಟ್ಟಗೆ ಬರುತ್ತದೆ. ಅಲಗನ್ನು ಹೊಂದಿಸಲು ಬೇರೆ ಸಲಕರಣೆ ಬೇಕು, ಬೆಲೆಯೂ ಜೋರು. ದಿನವೂ ಅದೇ ತೂತು ಸಾವಿರಗಟ್ಟಲೆ ಇಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ.

ಎಚ್‌ಎಸ್‌ಎಸ್, ಕೋಬಾಲ್ಟ್, ಕಾರ್ಬೈಡ್

ಎಲ್ಲರೂ ಇಲ್ಲಿಂದ ಶುರು ಮಾಡುತ್ತಾರೆ. ನಾನು ಬೇಕೆಂದೇ ತಡ ಮಾಡಿದೆ.

ಮಾಮೂಲಿ ಎಚ್‌ಎಸ್‌ಎಸ್ ಅಂದರೆ ಬಹುಪಾಲು ಎಂ2 ಉಕ್ಕು. ಸ್ವಲ್ಪ ಬಾಗಿದರೂ ತಾಳಿಕೊಳ್ಳುತ್ತದೆ. ಎಂ35ರಲ್ಲಿ 5 ಶೇಕಡಾ ಕೋಬಾಲ್ಟ್ ಇರುತ್ತದೆ, ಬಿಸಿ ತಡೆಯುತ್ತದೆ. ಸ್ಟೇನ್‌ಲೆಸ್‌ಗೆ, ಗಟ್ಟಿ ಉಕ್ಕಿಗೆ ಅದಕ್ಕೆ ಕೊಡುವ ಹೆಚ್ಚಿನ ಹಣ ದಂಡ ಅಲ್ಲ. ಕಾರ್ಬೈಡ್ ಸವೆಯುವುದು ನಿಧಾನ, ವೇಗ ಜಾಸ್ತಿ ಕೊಡಬಹುದು. ಆದರೆ ಅದು ಗಾಜಿನ ಹಾಗೆ. ಅಲುಗಾಟ ಇದ್ದರೆ ಅಂಚು ಉದುರುತ್ತದೆ.

ಹಾಗಾಗಿ ಕಾರ್ಬೈಡ್ ಕೊಳ್ಳುವ ಮೊದಲು ನಿಮ್ಮ ಮೆಷಿನ್ ನೋಡಿಕೊಳ್ಳಿ. ಡಯಲ್ ಇಟ್ಟು ರೀಮರ್ ತುದಿಯಲ್ಲಿ ರನ್‌ಔಟ್ (ತಿರುಗುವಾಗ ಆಗುವ ಓಲಾಟ) ಅಳೆಯಿರಿ. 5 ಮೈಕ್ರಾನ್ ಆಸುಪಾಸಿನಲ್ಲಿ ಹಿಡಿಯಲು ಆಗುತ್ತದೆಯಾ? ಎಣ್ಣೆಯ ಒತ್ತಡದಲ್ಲಿ ಟೂಲ್ ಹಿಡಿಯುವ ಹೈಡ್ರಾಲಿಕ್ ಚಕ್ ಇದೆಯಾ? ಇದ್ದರೆ ಕಾರ್ಬೈಡ್ ಹಾಕಿದ ದುಡ್ಡು ವಾಪಸ್ ಕೊಡುತ್ತದೆ. ಪಿಲ್ಲರ್ ಡ್ರಿಲ್ಲಿನಲ್ಲಿ, ಮೂರು ದವಡೆಯ ಚಕ್‌ನಲ್ಲಿ ಕಟ್ಟಿ ಓಡಿಸುವುದಾದರೆ ಎಚ್‌ಎಸ್‌ಎಸ್ ತಗೊಳ್ಳಿ. ಉಳಿದ ಹಣದಲ್ಲಿ ಒಂದು ಫ್ಲೋಟಿಂಗ್ ಹೋಲ್ಡರ್ ತನ್ನಿ.

ನಮ್ಮ ಕಡೆ ಈ ಮಾತಿಗೆ ಬೆಲೆ ಜಾಸ್ತಿ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಲೇತ್ ಕಾರ್ಖಾನೆ ಶುರುವಾದ ಮೇಲೆ ಲೇತ್ ಅಂದರೆ ಇಲ್ಲಿ ಮನೆಮಾತಾಯಿತು. ಸಣ್ಣ ವರ್ಕ್‌ಶಾಪ್‌ಗಳಲ್ಲಿ ಹಳೆಯ ಲೇತ್‌ಗಳು ಇನ್ನೂ ದುಡಿಯುತ್ತಿವೆ. ಯಾವ ಲೇತ್ ಆದರೂ ವಯಸ್ಸಾದ ಮೇಲೆ ಟೇಲ್‌ಸ್ಟಾಕ್ (ರೀಮರ್ ಹಿಡಿಯುವ ಎದುರು ತಲೆ) ಅಡಿ ಸವೆದು ಸ್ವಲ್ಪ ಕೆಳಗೆ ಇಳಿಯುತ್ತದೆ. 0.03 ಮಿ.ಮೀ. ಇಳಿದಿದ್ದರೂ ಸಾಕು, ಬಿಗಿಯಾಗಿ ಹಿಡಿದ ರೀಮರ್ ತೂತಿನ ಬಾಯನ್ನು ಗಂಟೆಯ ತರ ಅಗಲ ಮಾಡುತ್ತದೆ. ಫ್ಲೋಟಿಂಗ್ ಹೋಲ್ಡರ್ ರೀಮರನ್ನು ತೂತಿನ ದಾರಿಗೆ ಬಿಟ್ಟುಕೊಡುತ್ತದೆ. ಹೊಸ ಸಿಎನ್‌ಸಿಯಲ್ಲಿ ಮಾತ್ರ ಇದಕ್ಕೆ ಉಲ್ಟಾ, ಬಿಗಿಯಾಗಿ ಹಿಡಿದಷ್ಟೂ ಒಳ್ಳೆಯದು.

ಕೋಟಿಂಗ್ ವಿಷಯದಲ್ಲಿ ಒಂದು ಎಚ್ಚರಿಕೆ. ಕೋಟಿಂಗ್ ದಪ್ಪ ಒಂದು ಪಕ್ಕಕ್ಕೆ 2ರಿಂದ 4 ಮೈಕ್ರಾನ್. ವ್ಯಾಸಕ್ಕೆ 4ರಿಂದ 8 ಮೈಕ್ರಾನ್ ಕೂಡುತ್ತದೆ. ಇರುವ ರೀಮರ್‌ಗೆ ಆಮೇಲೆ ಕೋಟಿಂಗ್ ಮಾಡಿಸಿದರೆ ಅದು ಅಳತೆಯಿಂದ ಆಚೆ ಹೋಗಬಹುದು. 10.010 ಇದ್ದ ರೀಮರ್ 10.016 ಆದರೆ, 10 ಎಚ್‌7ರ ಮಿತಿ 10.015 ಅಲ್ಲಿಗೇ ಮುಗಿಯಿತು. ಗ್ರೈಂಡ್ ಮಾಡುವಾಗಲೇ ಕೋಟಿಂಗ್‌ಗೆ ಜಾಗ ಬಿಡಬೇಕು. ಇನ್ನು ಅಲ್ಯುಮಿನಿಯಮ್‌ಗೆ ಟೈಟಾನಿಯಮ್ ಅಲ್ಯುಮಿನಿಯಮ್ ನೈಟ್ರೈಡ್ ಕೋಟಿಂಗ್ ಬೇಡ, ಲೋಹ ಅದಕ್ಕೇ ಅಂಟುತ್ತದೆ. ಕೋಟಿಂಗ್ ಇಲ್ಲದ, ಫ್ಲೂಟ್ ಹೊಳಪು ಮಾಡಿದ ಕಾರ್ಬೈಡ್ ಸಾಕು.

ಅಳತೆ ಹೇಳುವ ರೀತಿ

"10 ಎಂಎಂ ರೀಮರ್ ಕೊಡಿ" ಅಂದರೆ ಅರ್ಧ ಹೇಳಿದ ಹಾಗೆ. ತೂತಿಗೆ ಎಷ್ಟು ಟಾಲರೆನ್ಸ್, ಅಂದರೆ ಅಳತೆ ಎಷ್ಟರ ತನಕ ಹೆಚ್ಚು ಕಡಿಮೆ ಆಗಬಹುದು? ಬಾಯಿ ಮಾತಲ್ಲಿ ಎಚ್‌7 ಅಂದರೆ ತೂತಿನ ಮಿತಿ, ರೀಮರ್‌ನದ್ದಲ್ಲ. ರೀಮರ್ ಸಾಮಾನ್ಯವಾಗಿ ತನಗಿಂತ ಸ್ವಲ್ಪ ದೊಡ್ಡ ತೂತು ಮಾಡುತ್ತದೆ. ಅದಕ್ಕೆ ಡಿನ್ 1420 ಎಂಬ ಜರ್ಮನ್ ಮಾನಕದಲ್ಲಿ ಲೆಕ್ಕ ಹೀಗಿದೆ. ತೂತಿನ ಮೇಲಿನ ಮಿತಿಯಿಂದ ಟಾಲರೆನ್ಸ್‌ನ 15 ಶೇಕಡಾ ಕೆಳಗೆ ರೀಮರ್‌ನ ಮೇಲಿನ ಮಿತಿ. ಅಲ್ಲಿಂದ ಇನ್ನೂ 35 ಶೇಕಡಾ ಕೆಳಗೆ ಅದರ ಕೆಳಗಿನ ಮಿತಿ. 10 ಎಚ್‌7ಗೆ ಲೆಕ್ಕ ಹಾಕಿದರೆ ರೀಮರ್ 10.006ರಿಂದ 10.012. 20 ಎಚ್‌7ಗೆ 20.009ರಿಂದ 20.017. ರೀಮರನ್ನು ಮೇಲಿನ ಮಿತಿಯ ಹತ್ತಿರ ಮಾಡಿಸುವುದರಲ್ಲಿ ಲಾಭ ಇದೆ. ಸವೆಯುತ್ತಾ ಕೆಳಗೆ ಇಳಿಯುವ ತನಕ ಕೆಲಸಕ್ಕೆ ಬರುತ್ತದೆ.

ತೆಳು ಗೋಡೆಯ ಬುಶ್‌ನಲ್ಲಿ (ಶಾಫ್ಟ್ ಅಥವಾ ಪಿನ್ ಕೂರುವ ಕೊಳವೆಯಲ್ಲಿ) ಮಾತ್ರ ಇದು ತಿರುವುಮುರುವು. ರೀಮ್ ಆಗುವಾಗ ಹಿಗ್ಗಿ ಆಮೇಲೆ ಕುಗ್ಗುತ್ತದೆ, ತೂತು ರೀಮರ್‌ಗಿಂತ ಸಣ್ಣದಾಗುತ್ತದೆ. ಅಂಥದಕ್ಕೆ ಎರಡು ಪೀಸ್ ಪರೀಕ್ಷೆ ಮಾಡಿ ನೋಡಿಯೇ ಅಳತೆ ಹೇಳಿ.

ಎಷ್ಟು ಬಿಡಬೇಕು, ಎಷ್ಟು ವೇಗ

10 ಮಿ.ಮೀ. ತನಕ ವ್ಯಾಸದ ಮೇಲೆ 0.2ರಿಂದ 0.3, 20ರ ತನಕ 0.3ರಿಂದ 0.4. ಕಡಿಮೆ ಬಿಟ್ಟರೆ ಒಳ್ಳೆಯದು ಎಂಬ ನಂಬಿಕೆ ಇದೆ. ಅದು ತಪ್ಪು. 0.05 ಬಿಟ್ಟರೆ ಹಲ್ಲು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಸ್ಟೇನ್‌ಲೆಸ್ ಆದರೆ ಉಜ್ಜಿದ ಜಾಗ ಗಟ್ಟಿಯಾಗಿ ರೀಮರ್ ಬೇಗ ಸಾಯುತ್ತದೆ.

ಫೀಡ್ ವಿಷಯದಲ್ಲೂ ಅದೇ ತಪ್ಪು. ನಿಧಾನ ಹೋದರೆ ನುಣ್ಣಗೆ ಬರುತ್ತದೆ ಅಂದುಕೊಂಡು ಡ್ರಿಲ್‌ಗಿಂತ ನಿಧಾನ ಬಿಡುತ್ತಾರೆ. ರೀಮರ್‌ಗೆ ವೇಗ ಡ್ರಿಲ್‌ನ ಅರ್ಧದಷ್ಟು, ಫೀಡ್ ಮಾತ್ರ ಎರಡು ಮೂರು ಪಟ್ಟು. ಎಚ್‌ಎಸ್‌ಎಸ್‌ನಲ್ಲಿ ಮೈಲ್ಡ್ ಸ್ಟೀಲ್‌ಗೆ ನಿಮಿಷಕ್ಕೆ 10 ಮೀಟರ್ ಅಂದರೆ 10 ಮಿ.ಮೀ. ರೀಮರ್‌ಗೆ ಸುಮಾರು 320 ಆರ್‌ಪಿಎಂ. ಒಂದು ಸುತ್ತಿಗೆ 0.2 ಮಿ.ಮೀ. ಫೀಡ್ ಕೊಟ್ಟರೆ ಆರು ಹಲ್ಲಿಗೆ ಹಂಚಿ ಒಂದಕ್ಕೆ 0.033 ಬರುತ್ತದೆ. 0.05 ಕೊಟ್ಟರೆ ಹಲ್ಲಿಗೆ 0.008 ಮಾತ್ರ. ಅಷ್ಟು ತೆಳುವನ್ನು ಯಾವ ಅಂಚೂ ಕಚ್ಚಿ ಹಿಡಿಯುವುದಿಲ್ಲ. ವಾಪಸ್ ತೆಗೆಯುವಾಗ ತಿರುಗುವ ದಿಕ್ಕು ಬದಲಿಸಬೇಡಿ. ಹಾಗೇ ತಿರುಗುತ್ತಾ ಹೊರಗೆ ಬರಲಿ.

ಕೂಲೆಂಟ್‌ನಲ್ಲಿ ನಮ್ಮ ಊರಿನ ತೊಂದರೆ ಬೇರೆಯೇ ಇದೆ. ದಾವಣಗೆರೆಯಾಗಲಿ ಚಿತ್ರದುರ್ಗವಾಗಲಿ, ಬಹಳ ಕಡೆ ಬೋರ್‌ವೆಲ್ ನೀರು ಗಡಸು. ಗಡಸು ನೀರಿನಲ್ಲಿ ಎಣ್ಣೆ ಸರಿಯಾಗಿ ಬೆರೆಯುವುದಿಲ್ಲ, ಮೇಲೆ ಕೆನೆ ಕಟ್ಟುತ್ತದೆ, ರೀಮರ್ ಹತ್ತಿರ ಬರೀ ನೀರು ತಲುಪುತ್ತದೆ. ಮೆತ್ತನೆ ನೀರು ತಂದು 8ರಿಂದ 10 ಶೇಕಡಾ ಎಣ್ಣೆ ಬೆರೆಸಿ. ನೀರಿಗೆ ಎಣ್ಣೆ ಹುಯ್ಯಬೇಕು, ಎಣ್ಣೆಗೆ ನೀರಲ್ಲ. ಒಬ್ಬರು ತಿಂಗಳಿಗೆರಡು ರೀಮರ್ ಬದಲಿಸುತ್ತಿದ್ದರು. ಆರ್‌ಒ ನೀರು ಹಾಕಿದ ಮೇಲೆ ಮೂರು ತಿಂಗಳು ನನ್ನ ಅಂಗಡಿ ಕಡೆ ಮುಖ ಹಾಕಲಿಲ್ಲ. ನನಗೆ ನಷ್ಟವೇ ಅನ್ನಿ.

ಸಾಣೆ

ರೀಮರ್ ಮಂದ ಆದರೆ ಅದು ಮೊದಲೇ ಹೇಳುತ್ತದೆ. ತೂತಿನ ಹೊಳಪು ಕುಂದುತ್ತದೆ, ಅಳತೆ ಕೆಳ ಮಿತಿಯ ಕಡೆ ಇಳಿಯುತ್ತದೆ, ಕಿರ್ ಅನ್ನುತ್ತದೆ. ಆಗಲೇ ತೆಗೆದರೆ ಚಾಂಫರ್ ಮಾತ್ರ ಸಾಣೆ ಹಿಡಿದರೆ ಸಾಕು, ವ್ಯಾಸ ಹಾಗೇ ಉಳಿಯುತ್ತದೆ. ಇನ್ನೂ ನೂರು ಪೀಸ್ ಎಳೆಯೋಣ ಅಂತ ಓಡಿಸಿದರೆ ಸವೆತ ಮಾರ್ಜಿನ್‌ಗೆ ಹತ್ತುತ್ತದೆ. ಆಮೇಲೆ ಮುಂದಿನ ಭಾಗ ಕತ್ತರಿಸಿ ಹಾಕಬೇಕು, ಇಲ್ಲವೇ ಸಣ್ಣ ಅಳತೆಗೆ ಇಳಿಸಬೇಕು. ಬೆಂಚ್ ಗ್ರೈಂಡರ್‌ನಲ್ಲಿ ಕೈಯಲ್ಲಿ ಹಿಡಿದು ಉಜ್ಜಬೇಡಿ. ಒಂದು ಹಲ್ಲು ಮುಂದೆ ಬಂದರೆ ಕೆಲಸವೆಲ್ಲ ಅದೊಂದರ ಮೇಲೇ ಬೀಳುತ್ತದೆ. ಉಳಿದ ಐದು ಸುಮ್ನೆ ಜೊತೆಗೆ ತಿರುಗುತ್ತವೆ. ಕಾರ್ಬೈಡ್‌ಗೆ ಡೈಮಂಡ್ ವೀಲ್ ಬೇಕು. ಎಚ್‌ಎಸ್‌ಎಸ್‌ಗೆ ಸಿಬಿಎನ್ (ಬೋರಾನ್ ನೈಟ್ರೈಡ್) ವೀಲ್ ಇದ್ದರೆ ಅಂಚು ಸುಡದೆ ಬರುತ್ತದೆ.

ನಾನಾದರೆ ಏನು ತಗೊಳ್ಳುತ್ತಿದ್ದೆ

ಮೆಕ್ಕೆಜೋಳ ಬಿಡಿಸುವ ಯಂತ್ರದ ಮೈಲ್ಡ್ ಸ್ಟೀಲ್ ಬುಶ್, ಆರ್‌ಪಾರ್ ತೂತು, ಹಳೆಯ ಲೇತ್: ಎಡ ತಿರುವು, ಎಂ2, ಫ್ಲೋಟಿಂಗ್ ಹೋಲ್ಡರ್. 

ಪಂಪಿನ ಕಾಸ್ಟ್ ಐರನ್ ಬಾಡಿ, ಸಿಎನ್‌ಸಿ, ದಿನಕ್ಕೆ ಇನ್ನೂರು: ನೆಟ್ಟಗಿನ ಫ್ಲೂಟ್ ಕಾರ್ಬೈಡ್, ಆರಕ್ಕೆ ಕಡಿಮೆ ಇಲ್ಲದ ಏರುಪೇರು ಹಲ್ಲು, ಹೈಡ್ರಾಲಿಕ್ ಚಕ್. ಕಾಸ್ಟ್ ಐರನ್ ಧೂಳು ಗೀರುವುದರಿಂದ ಎಚ್‌ಎಸ್‌ಎಸ್ ಇಲ್ಲಿ ಬೇಗ ಮಂದ ಆಗುತ್ತದೆ.

ತಳ ಮುಚ್ಚಿದ ಉಕ್ಕಿನ ತೂತು: ಬಲ ತಿರುವು, ಆಟ ಇಲ್ಲದ ಮೆಷಿನ್. ಸಾಧ್ಯವಿದ್ದರೆ ರೀಮರ್ ಒಳಗಿಂದಲೇ ಕೂಲೆಂಟ್ ಬರುವಂಥದ್ದು. ಡ್ರಿಲ್ ಹಾಕುವಾಗಲೇ ತಳದಲ್ಲಿ ಸ್ವಲ್ಪ ಆಳ ಜಾಸ್ತಿ ಬಿಡಿ, ಉಳಿದ ಚೂರಿಗೆ ಕೂರಲು ಜಾಗ ಇರಲಿ.

ಪಿ.ಬಿ. ರಸ್ತೆ ಬದಿಯ ಗ್ಯಾರೇಜ್‌ನಲ್ಲಿ ಲಾರಿ ಕಿಂಗ್‌ಪಿನ್ (ಮುಂದಿನ ಚಕ್ರ ಎಡ ಬಲಕ್ಕೆ ತಿರುಗುವ ಪಿನ್) ಬುಶ್ ಹಾಕುವವರಿಗೆ ಮೇಲೆ ಹೇಳಿದ್ದು ಯಾವುದೂ ಬೇಡ. ಪೈಲಟ್ (ದಾರಿ ಹಿಡಿಯುವ ದುಂಡು ಭಾಗ) ಇರುವ ಅಡ್ಜಸ್ಟೆಬಲ್ ಹ್ಯಾಂಡ್ ರೀಮರ್ ಸಾಕು. ಪೈಲಟ್ ಕೆಳಗಿನ ಬುಶ್‌ನಲ್ಲಿ ಕೂತರೆ ಮೇಲಿನದು ಅದರ ನೇರಕ್ಕೆ ಬರುತ್ತದೆ. ನಟ್ ಒಂದೇ ಸಲ ಜಾಸ್ತಿ ತಿರುಗಿಸಬೇಡಿ. ಸ್ವಲ್ಪ ಹಿಗ್ಗಿಸಿ, ಒಂದು ಸುತ್ತು ಎಳೆದು, ಪಿನ್ ಹಾಕಿ ನೋಡಿ, ಮತ್ತೆ ಸ್ವಲ್ಪ.

ಪುಲ್ಲಿ, ಶಾಫ್ಟ್‌ಗಳಿಗೆ ಟೇಪರ್ ಪಿನ್ ಹಾಕುವವರು 1:50 ಟೇಪರ್ (50 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಬದಲಾಗುವ) ರೀಮರೇ ಕೇಳಿ ತಗೊಳ್ಳಿ. ಮೊದಲು ಹಾಕುವ ಡ್ರಿಲ್ ಪಿನ್‌ನ ಸಣ್ಣ ತುದಿಯ ಅಳತೆಯದು. ದೊಡ್ಡ ತುದಿಯ ಅಳತೆಗೆ ಡ್ರಿಲ್ ಹಾಕಿ, ಪಿನ್ ಆ ಕಡೆಯಿಂದ ಬಿದ್ದು ಹೋದ ಮೇಲೆ ನನ್ನ ಹತ್ತಿರ ಬಂದರೆ ನಾನೇನೂ ಮಾಡಲಾಗುವುದಿಲ್ಲ.